ಅಣ್ಣನದು ಕುಡಿತವಾ, ಮನಸ್ಸಿನ ಕಾಯಿಲೆಯಾ?

ನೀವು ಕೇಳಿರುವುದು ಇಷ್ಟು. ಮದ್ದೂರು ಹತ್ತಿರದ ಹಳ್ಳಿಯಲ್ಲಿರುವ ನಿಮ್ಮಣ್ಣ ವರ್ಷಗಳಿಂದ ದಿನಾ ಕುಡಿಯುತ್ತಾರೆ. ಈಗ ಬೆಳಿಗ್ಗೆ ಎದ್ದ ಕೂಡಲೇ ಬೇಕು. ರಾತ್ರಿ ನಿದ್ದೆ ಇಲ್ಲ, ಮಂಕಾಗಿ ಕೂರುತ್ತಾರೆ, ಅತ್ತಿಗೆ ಮೇಲೆ ಅನುಮಾನ ಬೇರೆ. ಇದು ಕುಡಿತವಾ, ಮನಸ್ಸಿನ ಕಾಯಿಲೆಯಾ? ಗೊತ್ತಾಗದ ಹಾಗೆ ಊಟಕ್ಕೆ ಬೆರೆಸುವ ಪುಡಿ ತರಿಸಬಹುದಾ? ಬರುವ ಅಮಾವಾಸ್ಯೆಗೆ ಮಾದಪ್ಪನ ಬೆಟ್ಟದಲ್ಲಿ ಆಣೆ ಮಾಡಿಸಿ, ಅವತ್ತಿಂದಲೇ ನಿಲ್ಲಿಸಬೇಕು ಅಂತ ಅಮ್ಮ ಹೇಳುತ್ತಿದ್ದಾರೆ, ಸರಿಯಾ?

ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗದ ನರ್ಸ್. ನಮ್ಮೂರು ಪಾಂಡವಪುರದ ಕಡೆ. ಅಣ್ಣನನ್ನು ನೋಡದೆ ಕಾಯಿಲೆ ಇದೇ ಅಂತ ಹೇಳಲಾರೆ. ಆದರೆ ಅಮಾವಾಸ್ಯೆ ಹತ್ತಿರ ಬರುತ್ತಿದೆ, ಅದಕ್ಕೇ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ.

ಬೆಟ್ಟಕ್ಕೆ ಹೋಗಿ, ಆಣೆಯನ್ನೂ ಮಾಡಿಸಿ. ಆದರೆ ಅದಕ್ಕೂ ಮುಂಚೆ ಡಾಕ್ಟರಿಗೆ ತೋರಿಸಿ. ಬೆಳಿಗ್ಗೆ ಎದ್ದ ತಕ್ಷಣ ಎಣ್ಣೆ ಬೇಕು ಅನ್ನುವ ಹಂತಕ್ಕೆ ಬಂದವರು ಮನೆಯಲ್ಲೇ ಒಂದೇ ಏಟಿಗೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು. ಮದ್ಯ ಮೆದುಳನ್ನು ದಿನಾ ಮಂದ ಮಾಡುತ್ತದೆ. ಮೆದುಳು ಅದಕ್ಕೆ ಎದುರಾಗಿ ತನ್ನ ಚುರುಕು ಏರಿಸಿಕೊಂಡು ನಿಂತಿರುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಇದ್ದಕ್ಕಿದ್ದ ಹಾಗೆ ಹಗ್ಗ ಬಿಟ್ಟರೆ ಇನ್ನೊಂದು ಕಡೆಯವರು ಬೀಳುತ್ತಾರಲ್ಲ, ಹಾಗೆ. ಕೊನೆಯ ಸಲ ಕುಡಿದು 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ, ಗಾಬರಿ ಶುರುವಾಗುತ್ತದೆ. ಕೆಲವರಿಗೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಪೂರ್ತಿ ದಿಕ್ಕು ತಪ್ಪುತ್ತದೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ.

ನಾನು ನೋಡಿಕೊಂಡ ಒಬ್ಬರು ಆಲೆಮನೆಯಲ್ಲಿ ಕೆಲಸ ಮಾಡುತ್ತಿದ್ದವರು. ಮಾಲೆ ಹಾಕಿದ್ದರು, ಕುಡಿತ ಪಟ್ಟನೆ ಬಿಟ್ಟಿದ್ದರು. ಮೂರನೇ ದಿನ ರಾತ್ರಿ ಕರೆತಂದರು. ಮಂಚದ ಮೇಲೆ ಕೂತು, ಎರಡೂ ಕೈಯಲ್ಲಿ ಇಲ್ಲದ ಕೋಲು ಹಿಡಿದು ಕೊಪ್ಪರಿಗೆ ತಿರುವುತ್ತಲೇ ಇದ್ದರು. 'ಪಾಕ ಸೀದೋಗ್ತದೆ, ಬೆಂಕಿ ಕಮ್ಮಿ ಮಾಡ್ರೋ' ಅಂತ ಕೂಗು. ಆಮೇಲೆ ಹೊದಿಕೆ ಮೇಲಿಂದ ಕಾಣದ ಇರುವೆ ಹೆಕ್ಕುವುದು. ಮನೆಯವರು ಗಾಳಿ ಸೋಕಿದೆ ಅಂದುಕೊಂಡು ಒಂದು ಹಗಲೆಲ್ಲ ತಾಯತ, ನಿಂಬೆಹಣ್ಣು ಅಂತ ಓಡಾಡಿದ್ದರು. ಜ್ವರ ಸುಡುತ್ತಿತ್ತು. ಸರಿಯಾದ ಮಾತ್ರೆ, ಇಂಜೆಕ್ಷನ್ ಬಿದ್ದ ಮೇಲೆ ಕೆಲವೇ ದಿನಕ್ಕೆ ಮನುಷ್ಯ ಮೊದಲಿನ ಹಾಗೆ ಮಾತಾಡಿದರು, ಏನಾಯ್ತು ಅಂತಲೇ ನೆನಪಿರಲಿಲ್ಲ. ಕಾಲು ಮುರಿದು ಬೇರೆ ವಾರ್ಡಿಗೆ ಸೇರಿದವರಿಗೂ ಹೀಗಾಗುತ್ತದೆ, ಯಾಕೆಂದರೆ ಅಲ್ಲಿ ಎಣ್ಣೆ ಸಿಗಲ್ಲ, ಕುಡಿಯುವ ವಿಷಯ ಯಾರೂ ಡಾಕ್ಟರಿಗೆ ಹೇಳಿರಲ್ಲ.

ಹಾಗಂತ ಕುಡಿಯುತ್ತಾ ಇರಲಿ ಅಂತ ನಾನು ಹೇಳುತ್ತಿಲ್ಲ. ಕೋಣೆಗೆ ಬೀಗ ಹಾಕಿ ನಿಲ್ಲಿಸಬೇಡಿ ಅನ್ನುತ್ತಿದ್ದೇನೆ. ಆಸ್ಪತ್ರೆಯಲ್ಲಿ ಡಯಾಜೆಪಾಮ್, ಲೊರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಇಂಥ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತಾ ಬಂದು ನಿಲ್ಲಿಸುತ್ತಾರೆ. ಇದನ್ನು ಮೆಡಿಕಲ್ ಶಾಪಿನಿಂದ ತಂದು ನೀವೇ ಕೊಡಬೇಡಿ, ಕುಡಿತದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಬಿ1 ವಿಟಮಿನ್, ಅಂದರೆ ಥಯಾಮಿನ್ ಕೂಡ ಕೊಡುತ್ತಾರೆ. ನಮ್ಮ ಕಡೆ ಸುಸ್ತು ಅಂದರೆ ಸುಮ್ನೆ ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿಬಿಡುತ್ತಾರೆ. ಜಾಸ್ತಿ ಕುಡಿಯುವವರಿಗೆ ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ತೊಂದರೆ ಆಗಬಹುದು. ನಡಿಗೆ ತೂರಾಡುವುದು, ಕಣ್ಣು ಸರಿಯಾಗಿ ಹೊರಳದಿರುವುದು, ಗೊಂದಲ ಕಂಡರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ.

ಪುಡಿ ಮಾತ್ರ ತರಿಸಲೇಬೇಡಿ. ಅದರಲ್ಲಿ ಏನಿದೆ ಅಂತ ನಿಮಗೆ ಹೇಳುವವರು ಯಾರೂ ಇಲ್ಲ. ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ, ಪುಡಿಯಲ್ಲಿ ಅದೇ ಇದ್ದರೂ ಇರಬಹುದು. ಅದನ್ನು ತಗೊಂಡು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಬಿದ್ದು ಪ್ರಾಣಕ್ಕೂ ಬರಬಹುದು. ರೋಗಿಗೆ ವಿವರಿಸಿ, ಅವರು ಒಪ್ಪಿದ ಮೇಲೆ, ಪರೀಕ್ಷೆ ಮಾಡಿಯೇ ಕೊಡುವ ಔಷಧಿ ಅದು. ಕದ್ದು ಕೊಟ್ಟಿದ್ದು ಗೊತ್ತಾದರೆ ಆಮೇಲೆ ಅಣ್ಣ ಮನೆಯ ಊಟವನ್ನೂ ನಂಬಲ್ಲ. ಮೊದಲೇ ಅನುಮಾನ ಇರುವ ಮನೆ ಅಲ್ವಾ? ಕುಡಿಯುವ ಆಸೆ ಕಡಿಮೆ ಮಾಡಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ ಬೇರೆ ಔಷಧಿಗಳೂ ಇವೆ. ಲಿವರ್, ಕಿಡ್ನಿ ನೋಡಿ ಯಾವುದು ಅಂತ ಡಾಕ್ಟರೇ ಹೇಳುತ್ತಾರೆ.

ಈಗ ನಿಮ್ಮ ಮೊದಲ ಪ್ರಶ್ನೆ. ಎರಡೂ ಇರಬಹುದು. ಕುಡಿತವೇ ನಿದ್ದೆ ಕೆಡಿಸುತ್ತದೆ, ಮಂಕು ತರುತ್ತದೆ. ಹಾಗೇ ಮೊದಲಿಂದ ಖಿನ್ನತೆ ಅಥವಾ ಆತಂಕ ಇದ್ದವರು ಅದನ್ನು ಮರೆಯಲು ಕುಡಿಯುತ್ತಾರೆ. ಅದಕ್ಕೇ ಕುಡಿತ ನಿಂತು ಎರಡು ಮೂರು ವಾರ ಆದ ಮೇಲೂ ಮಂಕು ಉಳಿದಿದೆಯಾ ಅಂತ ಡಾಕ್ಟರ್ ನೋಡುತ್ತಾರೆ. ಕುಡಿತ ಶುರುವಾಗುವ ಮುಂಚೆ ಹೇಗಿದ್ದರು ಅಂತಲೂ ಕೇಳುತ್ತಾರೆ, ನೆನಪು ಮಾಡಿಕೊಂಡು ಹೋಗಿ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಊಟ ಸೇರದಿರುವುದು, 'ನನ್ನಿಂದ ಯಾರಿಗೂ ಉಪಯೋಗ ಇಲ್ಲ' ಅನ್ನುವ ಮಾತು, ಇವೆಲ್ಲ ಖಿನ್ನತೆಯ ಲಕ್ಷಣ. ಸರ್ಟ್ರಲಿನ್, ಎಸ್ಸಿಟಲೋಪ್ರಾಮ್ ಥರದ ಮಾತ್ರೆ ಕೊಡುತ್ತಾರೆ. ಅವು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ನಾಲ್ಕು ದಿನ ನುಂಗಿ 'ಏನೂ ಆಗಲಿಲ್ಲ' ಅಂತ ಬಿಡುವವರೇ ಹೆಚ್ಚು, ನನಗೆ ತುಂಬಾ ಬೇಜಾರಾಗುವುದು ಇದಕ್ಕೇ. ಎಣ್ಣೆ ಥರ ಇವು ಚಟ ಹಿಡಿಸಲ್ಲ. ಆದರೆ ನಿಲ್ಲಿಸುವಾಗ ಡಾಕ್ಟರನ್ನು ಕೇಳಿಯೇ ನಿಲ್ಲಿಸಬೇಕು.

ಅತ್ತಿಗೆ ಮೇಲಿನ ಅನುಮಾನವನ್ನು ಹಗುರವಾಗಿ ತಗೋಬೇಡಿ. ಕುಡಿಯುವವರಲ್ಲಿ ಇದು ಅಪರೂಪ ಏನಲ್ಲ. ಯಾರೋ ಮಾತಾಡಿದ ಹಾಗೆ ಕೇಳಿಸುತ್ತದಾ ಅಂತಲೂ ವಿಚಾರಿಸಿ. ಇದಕ್ಕೆ ಬೇರೆ ಔಷಧಿ ಇದೆ. ವಾದ ಮಾಡಿ, ಸಾಕ್ಷಿ ತೋರಿಸಿ ಅನುಮಾನ ಬಿಡಿಸಲು ಆಗಲ್ಲ. ಕೈ ಎತ್ತುತ್ತಿದ್ದರೆ ಅತ್ತಿಗೆ, ಮಕ್ಕಳು ಮೊದಲು ಸುರಕ್ಷಿತ ಜಾಗದಲ್ಲಿರಲಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಇನ್ನೊಂದು ಮಾತು. ನಿಮ್ಮದು ವ್ಯವಸಾಯದ ಮನೆ. ಗದ್ದೆಗೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೇರೆ ಕಡೆ ಇಟ್ಟು ಬೀಗ ಹಾಕಿ. 'ಸಾಯಬೇಕು ಅನ್ನಿಸುತ್ತಾ?' ಅಂತ ಅಣ್ಣನನ್ನು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಂಟಿಯಾಗಿ ಬಿಡದೆ ಅವತ್ತೇ ಕರೆದುಕೊಂಡು ಬನ್ನಿ.

ಎಲ್ಲಿಗೆ ಅಂದರೆ, ನಿಮಗೆ ಹತ್ತಿರ ಮಂಡ್ಯದ ಮಿಮ್ಸ್, ಅಂದರೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಾನಸಿಕ ವಿಭಾಗ ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮಲ್ಲಿ ಯಾವ ವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಷ್ಟರೊಳಗೆ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನೀವು, ಅತ್ತಿಗೆ ಕೂಡ ಮಾಡಬಹುದು.

'ನಿನಗೆ ತಲೆ ಕೆಟ್ಟಿದೆ, ನಡಿ' ಅಂದರೆ ಅಣ್ಣ ಬರಲ್ಲ. ನಿದ್ದೆ ಇಲ್ಲದಿರುವುದು, ಕೈ ನಡುಗುವುದು ಅವರಿಗೂ ಕಷ್ಟವೇ, ಅದನ್ನು ತೋರಿಸೋಣ ಅಂತ ಬೆಳಿಗ್ಗೆ ಹೊತ್ತು, ಮತ್ತಿಲ್ಲದಾಗ ಹೇಳಿ. ಬರುವಾಗ ಒಂದು ಚೀಟಿಯಲ್ಲಿ ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಯ ಸಲ ಕುಡಿದಿದ್ದು ಎಷ್ಟು ಹೊತ್ತಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಬೇರೆ ಯಾವ ಮಾತ್ರೆ ನುಂಗುತ್ತಾರೆ, ಗಾಂಜಾ ಅಭ್ಯಾಸ ಇದೆಯಾ ಅಂತ ಬರೆದುಕೊಂಡು ಬನ್ನಿ. ಒಪಿಡಿ ಚೀಟಿಗೆ ಬೆಳಿಗ್ಗೆ ಬೇಗ ನಿಲ್ಲಬೇಕು, ಜೊತೆಗೆ ಇನ್ನೊಬ್ಬರು ಇದ್ದರೆ ಅನುಕೂಲ.