ನಾಯಿಗೆ ಗೇಟು, ಮಂಚಕ್ಕೆ ಮೆಟ್ಟಿಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಮ್ಮದು ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟು. ಒಂಬತ್ತು ವರ್ಷದ ಡ್ಯಾಶುಂಡ್ ನಾಯಿ ಇದೆ. ವಾಕರ್ ಹಿಡಿದು ನಡೆಯುವ ಅತ್ತೆಯವರೂ ನಮ್ಮೊಂದಿಗಿದ್ದಾರೆ. ಅಡುಗೆ ಮಾಡುವಾಗ ನಾಯಿ ಕಾಲಿಗೆ ಸಿಗದಂತೆ ಬಾಗಿಲಿಗೊಂದು ಗೇಟು ಹಾಕಬೇಕೆಂದಿದ್ದೇವೆ. ರಾತ್ರಿ ಅದು ನಮ್ಮ ಮಂಚದ ಮೇಲೆಯೇ ಮಲಗುತ್ತದೆ. ಈಚೆಗೆ ಹತ್ತಲು ಹಿಂದೆಮುಂದೆ ನೋಡುತ್ತದೆ, ಇಳಿಯುವಾಗ ಮಾತ್ರ ಧುಮುಕಿಬಿಡುತ್ತದೆ. ಮೂರು ಮೆಟ್ಟಿಲುಗಳ ಫೋಮ್ ಏಣಿಯೊಂದನ್ನು ಆನ್‌ಲೈನಿನಲ್ಲಿ ನೋಡಿಟ್ಟಿದ್ದೇವೆ. ಕೊಳ್ಳಬಹುದೇ?
– ಓದುಗಿ, ಡೊಂಬಿವಲಿ

ಉತ್ತರ: ಮೊದಲು ಮೆಟ್ಟಿಲಿನ ವಿಚಾರ. ಅದನ್ನು ಕೊಳ್ಳುವುದಕ್ಕೂ ಮುಂಚೆ ನಾಯಿಯನ್ನು ಪಶುವೈದ್ಯರಿಗೆ ತೋರಿಸಿ. ಇಷ್ಟು ವರ್ಷ ಸಲೀಸಾಗಿ ಹತ್ತುತ್ತಿದ್ದ ಡ್ಯಾಶುಂಡ್ ಈಗ ಹಿಂಜರಿಯುತ್ತಿದೆಯೆಂದರೆ ಅದನ್ನು ವಯಸ್ಸಿನ ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಈ ತಳಿಯ ಕಾಲುಗಳನ್ನು ಗಿಡ್ಡವಾಗಿಸಿದ ಆನುವಂಶಿಕ ಗುಣವೇ ಬೆನ್ನೆಲುಬಿನ ಬಿಲ್ಲೆಗಳ ನಡುವಿನ ಮೆತ್ತೆಯಂಥ ಡಿಸ್ಕುಗಳನ್ನು ಎಳೆವಯಸ್ಸಿನಲ್ಲಿಯೇ ಒಣಗಿಸಿ ಗಟ್ಟಿಯಾಗಿಸುತ್ತದೆ. ಹಾಗೆ ಗಟ್ಟಿಯಾದ ಡಿಸ್ಕು ಒಂದು ದಿನ ಒಡೆದು ಮೇಲಕ್ಕೆ ಉಬ್ಬಿ, ಮಿದುಳುಬಳ್ಳಿಯನ್ನು ಒತ್ತಿದರೆ ನಾಯಿ ನೋವಿನಿಂದ ನರಳುವುದರಿಂದ ಹಿಡಿದು ಹಿಂಗಾಲುಗಳ ಸ್ವಾಧೀನ ತಪ್ಪುವವರೆಗೆ ಏನು ಬೇಕಾದರೂ ಆಗಬಹುದು. ಬೆನ್ನು ಗೂನಾಗಿಸಿ ನಿಲ್ಲುವುದು, ಎತ್ತಿಕೊಂಡರೆ ಕೂಗುವುದು, ಹಿಂಗಾಲು ತಡವರಿಸುವುದು ಇದರ ಲಕ್ಷಣಗಳು. ಕಾಲು ಎಳೆಯತೊಡಗಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಮರುದಿನದವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳಂತಹ ಮಾತ್ರೆಗಳನ್ನು ಮಾತ್ರ ಎಂದಿಗೂ ಕೊಡಬೇಡಿ. ನಮಗೆ ನೋವು ಕಳೆಯುವ ಇವು ನಾಯಿಗೆ ವಿಷವಾಗಬಲ್ಲವು.

ವೈದ್ಯರು ಮಂಚ ಹತ್ತಲು ಅಡ್ಡಿಯಿಲ್ಲವೆಂದರೆ ಆಮೇಲೆ ಟೇಪು ಹಿಡಿಯಿರಿ. ನೆಲದಿಂದ ಹಾಸಿಗೆಯ ಮೇಲ್ಮೈವರೆಗಿನ ಎತ್ತರ ಬೇಕು, ಮಂಚದ ಪಟ್ಟಿಯವರೆಗಿನದಲ್ಲ. ಕೆಳಗೆ ಸಾಮಾನು ತುಂಬುವ ಬಾಕ್ಸ್ ಮಂಚವಾದರೆ ಅದು ಸಾಮಾನ್ಯವಾಗಿ 20 ಇಂಚಿನ ಆಸುಪಾಸಿನಲ್ಲಿರುತ್ತದೆ. ನೀವು ನೋಡಿಟ್ಟಿರುವ ಏಣಿಯ ಎತ್ತರ 15 ಇಂಚು ಎಂದಿಟ್ಟುಕೊಂಡರೆ ಪ್ರತಿ ಮೆಟ್ಟಿಲು 5 ಇಂಚು, ಕೊನೆಯ ಮೆಟ್ಟಿಲಿನಿಂದ ಹಾಸಿಗೆಗೆ ಮತ್ತೆ 5 ಇಂಚು. ಇದು ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ. ಆದರೆ ಮೆಟ್ಟಿಲನ್ನು ಹತ್ತುವ ಲೆಕ್ಕದಲ್ಲಿ ಆರಿಸಬಾರದು, ಇಳಿಯುವ ಲೆಕ್ಕದಲ್ಲಿ ಆರಿಸಬೇಕು. ಸುಮ್ಮನೆ ನಿಂತ ನಾಯಿಯ ಮೈಭಾರದಲ್ಲಿಯೇ ಶೇಕಡಾ 60ರಷ್ಟು ಮುಂಗಾಲುಗಳ ಮೇಲಿರುತ್ತದೆ; ಇಳಿಯುವಾಗ ಅದು ಇನ್ನೂ ಹೆಚ್ಚುತ್ತದೆ. ಡ್ಯಾಶುಂಡಿನ ಉದ್ದ ಮೈಯಂತೂ ಒಂದೇ ಹೊತ್ತಿಗೆ ಎರಡು ಮೂರು ಮೆಟ್ಟಿಲುಗಳ ಮೇಲೆ ಹರಡಿ, ಪ್ರತಿ ಹೆಜ್ಜೆಗೂ ಬೆನ್ನು ಬಾಗಿ ಏಳುತ್ತದೆ. ಮೆಟ್ಟಿಲೇ ಬೇಕೆಂದಾದರೆ ಎತ್ತರ 4 ಇಂಚಿಗೆ ಮೀರದಂತೆಯೂ ಪಾದವಿಡುವ ಜಾಗ 12 ಇಂಚಿಗೆ ಕಡಿಮೆಯಾಗದಂತೆಯೂ ನೋಡಬೇಕು. ಹಾಗೆ ಮಾಡಿದರೆ 20 ಇಂಚಿನ ಮಂಚಕ್ಕೆ ನಾಲ್ಕು ಮೆಟ್ಟಿಲು, ಅಂದರೆ ನೆಲದ ಮೇಲೆ 4 ಅಡಿ ಉದ್ದ ಹೋಗುತ್ತದೆ. ಅಷ್ಟು ಜಾಗ ಬಿಡುವುದೇ ಆದರೆ ನೆಲದ ಮೇಲೆ ಇನ್ನೊಂದು ಮುಕ್ಕಾಲು ಅಡಿ ಸೇರಿಸಿ, ಓರೆಯಾಗಿ ಅಳೆದರೆ 5 ಅಡಿ ಉದ್ದದ ಇಳಿಜಾರು ಹಲಗೆಯನ್ನೇ ಮಾಡಿಸಬಹುದು. ಅದರ ಓರೆ 20 ಡಿಗ್ರಿಯೊಳಗೆ ಉಳಿಯುತ್ತದೆ. ಆದ್ದರಿಂದ ನಿಮ್ಮ ನಾಯಿಗೆ ಮೆಟ್ಟಿಲಿಗಿಂತ ಇಳಿಜಾರು ಹಲಗೆಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹಲಗೆಯನ್ನು ಮಂಚಕ್ಕೆ ನೇರವಾಗಿ ಚಾಚದೆ, ಅದರ ಉದ್ದಕ್ಕೆ ಒತ್ತಿಕೊಂಡಂತೆ ಇಟ್ಟು, ಮೇಲ್ತುದಿಯಲ್ಲಿ ನಾಯಿ ನಿಂತು ತಿರುಗುವಷ್ಟು ಒಂದು ಚಿಕ್ಕ ಕಟ್ಟೆ ಮಾಡಿಸಿದರೆ ಮುಂಬಯಿಯ ಇಕ್ಕಟ್ಟಿನ ಕೋಣೆಯಲ್ಲಿಯೂ ಓಡಾಡಲು ದಾರಿ ಉಳಿಯುತ್ತದೆ. ಅಗಲ 16 ಇಂಚಾದರೂ ಇರಲಿ, ಹೊರ ಅಂಚಿಗೆ ಎರಡಿಂಚಿನ ಪಟ್ಟಿ ಇರಲಿ. ಹಲಗೆಯನ್ನು ಮಂಚಕ್ಕೆ ಮೊಳೆ ಹೊಡೆದು ಕೂಡಿಸಬೇಡಿ. ಬಾಕ್ಸಿನ ಮುಚ್ಚಳ ಎತ್ತಬೇಕಾದ ದಿನ ಅದೇ ತೊಡಕಾಗುತ್ತದೆ. ಮೇಲ್ಮೈಗೆ ಗೀರುಗಳಿರುವ ರಬ್ಬರ್ ಮ್ಯಾಟು ಅಂಟಿಸಿ. ಬುಡದಲ್ಲಿಯೂ ಒಂದು ಮ್ಯಾಟು ಹಾಸದಿದ್ದರೆ ಕೆಲಸ ಅರ್ಧವೇ ಆದಂತೆ, ಏಕೆಂದರೆ ವಿಟ್ರಿಫೈಡ್ ಟೈಲಿನ ಮೇಲೆ ಇಳಿದ ನಾಯಿ ಜಾರುವುದು ಅಲ್ಲಿಯೇ. ಪಾದದ ಬೆರಳುಗಳ ನಡುವಿನ ಕೂದಲನ್ನೂ ಉಗುರನ್ನೂ ಕತ್ತರಿಸಿದರೆ ಹಿಡಿತ ಇನ್ನಷ್ಟು ಸಿಗುತ್ತದೆ.

ರೂಢಿ ಮಾಡಿಸುವಾಗ ಹಲಗೆಯನ್ನು ಮೊದಲು ನೆಲದ ಮೇಲೆ ಮಟ್ಟಸವಾಗಿ ಹಾಕಿ, ತಿಂಡಿಯ ಚೂರು ತೋರಿಸುತ್ತ ಅದರ ಮೇಲೆ ನಡೆಸಿ, ಆಮೇಲೆ ಒಂದು ತುದಿಯನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎತ್ತರಿಸಿ. ಹತ್ತಲು ಬೇಗ ಕಲಿಯುತ್ತದೆ. ಇಳಿಯುವಾಗ ಪಕ್ಕದಿಂದ ಧುಮುಕುವ ಹಳೆಯ ಚಟ ಬಿಡಲು ಸಮಯ ಬೇಕು. ಅಲ್ಲಿಯವರೆಗೆ ಮಂಚದ ತೆರೆದ ಬದಿಗೆ ದಿಂಬುಗಳನ್ನು ಅಡ್ಡವಿಟ್ಟು, ಕೊರಳಿನ ಬದಲು ಎದೆಪಟ್ಟಿಗೆ ಹಗ್ಗ ಹಾಕಿ ನಿಧಾನವಾಗಿ ಇಳಿಸಿ.

ಇನ್ನು ಗೇಟು. ಇಲ್ಲಿ ನಾಯಿಗಿಂತ ನಿಮ್ಮ ಅತ್ತೆಯವರನ್ನು ನೆನೆದು ಆಯ್ಕೆ ಮಾಡಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎರಡೂ ಬದಿಯ ಗೋಡೆಗೆ ಸ್ಕ್ರೂ ತಿರುಗಿಸಿ ಒತ್ತಿ ನಿಲ್ಲಿಸುವ, ಗೋಡೆ ಕೊರೆಯಬೇಕಿಲ್ಲದ ಗೇಟು. ಅದರ ಚೌಕಟ್ಟಿನ ಅಡಿಪಟ್ಟಿ ನೆಲದಿಂದ ತುಸು ಮೇಲೆದ್ದು ಬಾಗಿಲಿನ ಉದ್ದಕ್ಕೂ ಹಾದಿರುತ್ತದೆ. ವಾಕರ್‌ನ ಕಾಲು ಅದಕ್ಕೆ ತಗುಲಿದರೆ ಬೀಳುವವರು ಹಿರಿಯರೇ. ಇನ್ನೊಂದು ತೊಂದರೆಯಿದೆ. 30 ಇಂಚಿನ ಬಾಗಿಲಿಗೆ ಇಂತಹ ಗೇಟು ಕೂಡಿಸಿದರೆ ಚೌಕಟ್ಟು ಕಳೆದು ದಾಟಲು ಸಿಗುವ ಜಾಗ ಕೆಲವೊಮ್ಮೆ 20 ಇಂಚೂ ಇರುವುದಿಲ್ಲ, ವಾಕರ್ ಮಾತ್ರ ಅದಕ್ಕಿಂತ ಅಗಲ. ನುಣುಪಾದ ಗ್ರಾನೈಟ್ ಚೌಕಟ್ಟಿನ ಮೇಲೆ ಒತ್ತು ಗೇಟಿನ ರಬ್ಬರ್ ಬಿಲ್ಲೆಗಳು ಜಾರುವುದೂ ಉಂಟು.

ನಿಮ್ಮ ಬಾಗಿಲಿಗೆ ಒಪ್ಪುವುದು ಕೀಲು ಹಾಕಿ ಕೂಡಿಸಿದ, ಅಡಿಪಟ್ಟಿಯಿಲ್ಲದ, ಪೂರ್ತಿ ತೆರೆದುಕೊಳ್ಳುವ ಅರ್ಧ ಬಾಗಿಲು. ಬಡಗಿಯೋ ಗ್ರಿಲ್ ಮಾಡುವವರೋ ಮಾಡಿಕೊಡುತ್ತಾರೆ. ಡ್ಯಾಶುಂಡಿಗೆ ಎರಡಡಿ ಎತ್ತರ ಸಾಕಾದರೂ ಎರಡೂವರೆ ಅಡಿ ಮಾಡಿಸಿ. ತೀರಾ ಗಿಡ್ಡವಾದರೆ ಅವಸರದಲ್ಲಿ ಮನೆಯವರೇ ದಾಟಲು ಹೋಗಿ ಎಡವುತ್ತಾರೆ. ಸರಳುಗಳು ಲಂಬವಾಗಿರಲಿ, ಸಂದು ಎರಡಿಂಚಿಗೆ ಮೀರದಿರಲಿ. ಊರ ಕಡೆಯ ದಣಪೆಯಂತೆ ಅಡ್ಡಪಟ್ಟಿಗಳಿದ್ದರೆ ನಾಯಿ ಅದನ್ನೇ ಮೆಟ್ಟಿಲು ಮಾಡಿಕೊಳ್ಳುತ್ತದೆ. ನೆಲಕ್ಕೂ ಗೇಟಿಗೂ ನಡುವೆ ಹೆಚ್ಚು ಜಾಗ ಬಿಡಬೇಡಿ, ಬಿಲಕ್ಕೆ ನುಗ್ಗಿ ಬೇಟೆಯಾಡಲೆಂದೇ ಬೆಳೆಸಿದ ತಳಿಯಿದು. ಮೇಲೆತ್ತಿ, ಅದುಮಿ, ಸರಿಸಿ ತೆರೆಯುವ ಕೊಂಡಿ ಮಕ್ಕಳಿರುವ ಮನೆಗೆ ಸರಿ. ನಿಮಗೆ ಒಂದು ಕೈಯಲ್ಲಿ ಬಿಸಿ ಸಾರಿನ ಪಾತ್ರೆ ಹಿಡಿದಿರುವಾಗ ಇನ್ನೊಂದು ಕೈಯಿಂದ ಸರಿಸಬಹುದಾದ ಚಿಲಕವೇ ಸಾಕು. ಬಾಡಿಗೆ ಮನೆಯಾದರೆ ಗೋಡೆ ಕೊರೆಯುವ ಮುನ್ನ ಮಾಲೀಕರ ಒಪ್ಪಿಗೆ ಪಡೆಯಿರಿ.

ಪ್ರಶ್ನೆ: ಪುಣೆಯ ಕೋಥ್ರುಡ್‌ನಲ್ಲಿ ನಮ್ಮದು ಒಳಮೆಟ್ಟಿಲಿರುವ ಎರಡು ಮಹಡಿಯ ಮನೆ. ಎರಡು ತಿಂಗಳ ಲ್ಯಾಬ್ರಡಾರ್ ಮರಿ ತಂದಿದ್ದೇವೆ. ಅದು ಮೆಟ್ಟಿಲು ಹತ್ತಿ ಇಳಿದು ಗಟ್ಟಿಯಾಗಲಿ ಎಂದು ಮಕ್ಕಳ ವಾದ. ಗೇಟು ಮೇಲೆ ಹಾಕಬೇಕೇ, ಕೆಳಗೋ?
– ಓದುಗರು, ಪುಣೆ

ಉತ್ತರ: ಮಕ್ಕಳ ವಾದವನ್ನು ಒಪ್ಪಬೇಡಿ. ನಾರ್ವೆಯಲ್ಲಿ ಲ್ಯಾಬ್ರಡಾರ್ ಸೇರಿದಂತೆ ನಾಲ್ಕು ದೊಡ್ಡ ತಳಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹುಟ್ಟಿದ ಮೂರು ತಿಂಗಳೊಳಗೆ ದಿನವೂ ಮೆಟ್ಟಿಲು ಬಳಸಿದ ಮರಿಗಳಲ್ಲಿ ಸೊಂಟದ ಕೀಲಿನ ದೋಷದ ಸಾಧ್ಯತೆ ಹೆಚ್ಚೆಂದೂ, ಮೆತ್ತನೆಯ ನೆಲದ ಮೇಲೆ ಹಗ್ಗವಿಲ್ಲದೆ ಆಡಿದ ಮರಿಗಳಲ್ಲಿ ಕಡಿಮೆಯೆಂದೂ ತೋರಿಸಿತು. ದೋಷ ಬರುವುದು ಮುಖ್ಯವಾಗಿ ವಂಶದಿಂದ, ಆದರೆ ನಮ್ಮ ಕೈಯಲ್ಲಿರುವುದು ಇದಿಷ್ಟೇ. ಮರಿಯನ್ನು ಮಣ್ಣಿನ ಮೇಲೋ ಹುಲ್ಲಿನ ಮೇಲೋ ಬೇಕಾದಷ್ಟು ಆಡಿಸಿ, ಮೆಟ್ಟಿಲಲ್ಲಿ ಎತ್ತಿಕೊಳ್ಳಿ.

ಮರಿ ರಾತ್ರಿ ಕೆಳಗೇ ಮಲಗುವುದಾದರೆ ಕೆಳಗೊಂದು ಗೇಟು ಸಾಕು, ಅಲ್ಲಿ ಒತ್ತಿ ನಿಲ್ಲಿಸುವ ಬಗೆಯದೂ ನಡೆಯುತ್ತದೆ. ಮೇಲೆಯೂ ಬಿಡುವುದಾದರೆ ಮೇಲಿನ ಗೇಟನ್ನು ಗೋಡೆಗೆ ಸ್ಕ್ರೂ ಹಾಕಿಯೇ ಕೂಡಿಸಬೇಕು. ದೀಪಾವಳಿಯ ಪಟಾಕಿಗೆ ಬೆದರಿದ ನಾಯಿ ಮೈಯೆಲ್ಲ ಹೇರಿ ನುಗ್ಗಿದಾಗ ಒತ್ತು ಗೇಟು ಕಿತ್ತುಬಂದು, ಗೇಟಿನ ಸಮೇತ ಅದು ಮೆಟ್ಟಿಲುಗಳ ಮೇಲೆ ಉರುಳಬಹುದು. ಈ ಗೇಟು ಮಹಡಿಯ ಕಡೆಗೆ ತೆರೆಯಲಿ, ಮೆಟ್ಟಿಲಿನ ಕಡೆಗಲ್ಲ. ಬೆಳೆದ ಲ್ಯಾಬ್ರಡಾರಿನ ಭುಜವೇ ನೆಲದಿಂದ ಸುಮಾರು 22 ಇಂಚು ಎತ್ತರವಿರುವುದರಿಂದ ಈಗಲೇ ಮೂರಡಿಯದನ್ನು ತನ್ನಿ. ಮರಿಯ ಅಳತೆಗೆ ಕೊಂಡರೆ ವರ್ಷದೊಳಗೆ ಇನ್ನೊಂದು ಕೊಳ್ಳಬೇಕಾಗುತ್ತದೆ.

ಪ್ರಶ್ನೆ: ವಾಸ್ಕೋದಲ್ಲಿ ಸಮುದ್ರಕ್ಕೆ ಹತ್ತಿರವಿದ್ದೇವೆ. ಕಬ್ಬಿಣದ ಗೇಟು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯಿತು, ಪ್ಲೈವುಡ್ಡಿನ ಮೆಟ್ಟಿಲು ಉಬ್ಬಿತು. ಏನು ಬಳಸಬೇಕು?
– ಓದುಗರು, ಗೋವಾ

ಉತ್ತರ: ಉಪ್ಪುಗಾಳಿಯಲ್ಲಿ, ಬಣ್ಣದ ಪುಡಿ ಲೇಪಿಸಿ ಕಾಯಿಸುವ ಪೌಡರ್ ಕೋಟಿಂಗ್ ಕೂಡ ಒಂದು ಗೀರು ಬೀಳುವವರೆಗೆ ಮಾತ್ರ, ನಾಯಿಯ ಉಗುರು ಆ ಗೀರನ್ನು ಬೇಗ ಎಳೆಯುತ್ತದೆ. ಗೇಟಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ಬಳಸಿ, ತೀರಾ ಕಡಲಂಚಾದರೆ 316. ಕೀಲು ಮತ್ತು ಸ್ಕ್ರೂಗಳೂ ಸ್ಟೇನ್‌ಲೆಸ್ ಆಗಿರಬೇಕು, ತುಕ್ಕು ಮೊದಲು ಹತ್ತುವುದು ಅವಕ್ಕೆ. ಮೆಟ್ಟಿಲಿಗೆ ಐಎಸ್ (ಭಾರತೀಯ ಮಾನಕ) 710 ಗುರುತಿನ, ನೀರಿಗೆ ತಡೆಯುವ ಮರೈನ್ ಪ್ಲೈವುಡ್ ಕೇಳಿ. ಐಎಸ್ 303ರ ಎಂಆರ್ ದರ್ಜೆ, ಅಂದರೆ ತೇವವನ್ನಷ್ಟೇ ತಾಳುವ ಪ್ಲೈವುಡ್, ನೀರಿಗೆ ತಡೆಯದು. ಕತ್ತರಿಸಿದ ಅಂಚುಗಳಿಗೂ ತಳಕ್ಕೂ ಪೇಂಟು ಹೊಡೆಸಿ, ಉಬ್ಬು ಶುರುವಾಗುವುದು ಅಲ್ಲಿಂದ. ಕಾರ್ಪೆಟ್ ಅಂಟಿಸಬೇಡಿ, ಆಷಾಢದಲ್ಲಿ ಅದು ಒಣಗುವುದೇ ಇಲ್ಲ.

ಪ್ರಶ್ನೆ: ಮುಂಬಯಿಯ ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನಾಯಿ ಲಿಫ್ಟಿನ ಕಡೆ ಓಡದಿರಲೆಂದು ಬಾಗಿಲ ಹೊರಗಿನ ಪ್ಯಾಸೇಜಿಗೆ ಗೇಟು ಹಾಕಿಸಿದ್ದೆವು. ತೆಗೆಯಿರೆಂದು ನೋಟಿಸು ಬಂದಿದೆ. ನಾಯಿ ಸಾಕುವವರ ಮೇಲೆ ಇದು ಕಿರುಕುಳವಲ್ಲವೇ?
– ಓದುಗರು, ಮುಲುಂಡ್

ಉತ್ತರ: ಅಲ್ಲ, ಈ ಮಾತಿನಲ್ಲಿ ಸೊಸೈಟಿಯದೇ ಸರಿ. ಬೆಂಕಿ ಬಿದ್ದಾಗ ಎಲ್ಲರೂ ಹೊರಗೋಡುವ ದಾರಿ ಅದು. ಅದಕ್ಕೆ ಅಡ್ಡ ಹಾಕುವುದು 2006ರ ಮಹಾರಾಷ್ಟ್ರ ಅಗ್ನಿ ಸುರಕ್ಷಾ ಕಾಯಿದೆಯ ಉದ್ದೇಶಕ್ಕೇ ವಿರುದ್ಧ. ಲಿಫ್ಟಿನಲ್ಲಿ ನಾಯಿಯನ್ನು ಒಯ್ಯಬೇಡಿ ಎಂದರೆ ಆಗ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯನ್ನು ತೋರಿಸಿ. ಅದು ನಿಮ್ಮ ಪರವಾಗಿದೆ. ಗೇಟನ್ನು ಮಾತ್ರ ಮನೆಯೊಳಗೆ, ಸೇಫ್ಟಿ ಡೋರಿನಿಂದ ಮೂರು ನಾಲ್ಕು ಅಡಿ ಹಿಂದಕ್ಕೆ ಹಾಕಿಸಿ. ಹಾಗೆ ಮಾಡಿದರೆ ಹಾಲಿನವರಿಗೋ ಕೊರಿಯರ್‌ನವರಿಗೋ ಬಾಗಿಲು ತೆರೆದಾಗ ನಾಯಿ ಒಳಗಿನ ಗೇಟಿನ ಹಿಂದೆಯೇ ಉಳಿಯುತ್ತದೆ.