ಯೂಂಗ್ ಹೇಳುವ ಅನಿಮಾ, ಅನಿಮಸ್ ಅಂದರೆ ಏನು?

ಗಂಡಸಿನ ಮನಸ್ಸಿನ ಆಳದಲ್ಲಿ ಒಂದು ಹೆಣ್ಣುರೂಪ, ಹೆಂಗಸಿನ ಮನಸ್ಸಿನ ಆಳದಲ್ಲಿ ಒಂದು ಗಂಡುರೂಪ ಇರುತ್ತದೆ ಎಂದವರು ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ (1875–1961). ಮೊದಲನೆಯದು ಅನಿಮಾ, ಎರಡನೆಯದು ಅನಿಮಸ್.

ಇವು ನಮಗೆ ನೇರವಾಗಿ ಕಾಣುವುದಿಲ್ಲ. ಬೇರೆಯವರ ಮೇಲೆ ಹೋಗಿ ಕೂರುತ್ತವೆ. ಹತ್ತು ನಿಮಿಷ ಮಾತಾಡಿದ ಹುಡುಗಿಯನ್ನು ಒಬ್ಬ ಹುಡುಗ ‘ಇವಳು ನಂಗೆ ಎಷ್ಟೋ ವರ್ಷದಿಂದ ಗೊತ್ತು’ ಅಂದುಕೊಳ್ಳುತ್ತಾನೆ. ಅವಳಿಗೆ ಏನು ಇಷ್ಟ ಅಂತಲೂ ಅವನು ಕೇಳಿರುವುದಿಲ್ಲ. ಅವನು ಮೆಚ್ಚಿದ್ದು ತನ್ನದೇ ಅನಿಮಾವನ್ನು. ಆರು ತಿಂಗಳಾದ ಮೇಲೆ ‘ನೀನು ಮೊದಲಿನ ಹಾಗಿಲ್ಲ’ ಅಂತ ಜಗಳ. ಪಾಪ, ಅವಳು ಬದಲಾಗಿಯೇ ಇಲ್ಲ. ಇದನ್ನೇ ಯೂಂಗ್ ಪ್ರೊಜೆಕ್ಷನ್ ಎಂದರು. ನನಗೆ ಈ ವಿಚಾರದಲ್ಲಿ ಜಾಸ್ತಿ ಬೆಲೆಯುಳ್ಳದ್ದು ಅನ್ನಿಸುವುದು ಇದೇ.

ಅನಿಮಸ್ ಎಷ್ಟೋ ಸಲ ‘ನಿನ್ನ ಕೈಲಿ ಆಗಲ್ಲ ಬಿಡು’ ಅನ್ನುವ ಒಳದನಿಯಾಗಿ ಬರುತ್ತದೆ. ಅದನ್ನು ಗುರುತಿಸಿದರೆ ಅದೇ ಶಕ್ತಿ ಗಟ್ಟಿಯಾಗಿ ಮಾತಾಡುವ ಧೈರ್ಯವಾಗುತ್ತದೆ.

ಭಾವನೆ ಹೆಣ್ಣಿನದು, ತರ್ಕ ಗಂಡಿನದು ಎಂಬ ಅವರ ಹಂಚಿಕೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದು ಅವರ ಕಾಲದ ನೋಟ, ಅಲ್ವಾ?

ನಮ್ಮೊಳಗಿನ ಅನಿಮಾ ಅಥವಾ ಅನಿಮಸ್ ಅನ್ನು ಗುರುತಿಸುವುದು ಹೇಗೆ ಅಂದರೆ, ಕನಸಿನಲ್ಲಿ ಮತ್ತೆ ಮತ್ತೆ ಬರುವ ಅಪರಿಚಿತರನ್ನು ಗಮನಿಸಿ. ಯೂಂಗ್ ಕೂಡ ತಮ್ಮೊಳಗಿನ ಹೆಣ್ಣುದನಿಯ ಜೊತೆ ಮಾತಾಡಿ, ಅದನ್ನು ಬರೆದಿಡುತ್ತಿದ್ದರು.