ಹಾಸನದಲ್ಲಿ ಟಿವಿ, ಇಂಟರ್ನೆಟ್ ಎರಡನ್ನೂ ಒಂದೇ ಕಂಪನಿಗೆ ಬದಲಾಯಿಸಬಹುದಾ?

ಡಿಶ್‌ಗೊಂದು, ಬ್ರಾಡ್‌ಬ್ಯಾಂಡ್‌ಗೊಂದು ಬಿಲ್ ಕಟ್ಟಿ ಸಾಕಾಗಿದೆ, ಎರಡೂ ಒಂದೇ ಕಡೆ ಸಿಗುವ ಪ್ಲಾನ್ ತಗೊಳ್ಳಲಾ ಅಂತ ಕೇಳಿದ್ದೀರಿ. ಮನೆ ಹಾಸನ ಟೌನ್ ಒಳಗಿದ್ದರೆ ತಗೊಳ್ಳಿ. ಸಕಲೇಶಪುರದ ಕಡೆ ತೋಟದ ಮನೆಯಾದರೆ ನಾನು ಬೇಡ ಅನ್ನುತ್ತೇನೆ.

ಯಾಕೆಂದರೆ ಇಂಥ ಪ್ಲಾನ್‌ನಲ್ಲಿ ಸಾಮಾನ್ಯವಾಗಿ ಟಿವಿ ಬರುವುದೂ ಇಂಟರ್ನೆಟ್ ಬರುವ ಅದೇ ಫೈಬರ್ ಕೇಬಲ್‌ನಲ್ಲಿ, ಮಳೆಗಾಲದಲ್ಲಿ ಸಿಲ್ವರ್ ಮರದ ಕೊಂಬೆ ಬಿದ್ದು ಅದು ತುಂಡಾದರೆ ನೆಟ್ಟೂ ಇಲ್ಲ, ವಾರ್ತೆಯೂ ಇಲ್ಲ, ಅಮ್ಮನ ಸೀರಿಯಲ್ಲೂ ಇಲ್ಲ. ಜೋರು ಮಳೆಗೆ ಡಿಶ್ ಸಿಗ್ನಲ್ ಕೂಡ ಹೋಗುತ್ತದೆ, ನಿಜ. ಆದರೆ ಮಳೆ ತಗ್ಗಿದರೆ ತಾನೇ ಬರುತ್ತದೆ. ಫೈಬರ್‌ಗೆ ಲೈನ್‌ಮನ್ ಬರಬೇಕು! ಕರೆಂಟ್ ಹೋದಾಗ ಟಿವಿಗೆ ಯುಪಿಎಸ್ ಇದ್ದರೆ ಸಾಲದು, ರೂಟರ್‌ಗೂ ಬೇಕು.

ಇನ್ನು ದುಡ್ಡು. ಜಾಹೀರಾತಿನ ದರಕ್ಕೆ ಸಾಮಾನ್ಯವಾಗಿ 18% ಜಿಎಸ್‌ಟಿ ಬೇರೆ ಸೇರುತ್ತದೆ, ಅಂದರೆ 599 ಅಂತ ಹಾಕಿದ್ದರೆ ಕಟ್ಟುವುದು ಸುಮಾರು 707 ರೂಪಾಯಿ. ಆರು ತಿಂಗಳದ್ದು ಮುಂಗಡ ಕೇಳುತ್ತಾರಾ, ಬಾಕ್ಸ್‌ಗೆ ಡೆಪಾಸಿಟ್ ಇದೆಯಾ ಅಂತಲೂ ಕೇಳಿ.

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಚಾನೆಲ್ ವಿಷಯದಲ್ಲಿ. ‘ಟಿವಿ ಫ್ರೀ’ ಅನ್ನುವುದು ಎಷ್ಟೋ ಸಲ ಬರೀ ಒಟಿಟಿ ಆ್ಯಪ್‌ಗಳು, ಲೈವ್ ಚಾನೆಲ್ ಅಲ್ಲ. ನಿಮಗೆ ಬೇಕಾದ ಕನ್ನಡ ಚಾನೆಲ್‌ಗಳ ಪಟ್ಟಿ ಹಿಡಿದು ಒಂದೊಂದಾಗಿ ವಿಚಾರಿಸಿ. ಸ್ಪೀಡ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ, ಒಂದು ಎಚ್‌ಡಿ ವಿಡಿಯೋಗೆ 5 ಎಂಬಿಪಿಎಸ್ ಸಾಕು.

ಹೊಸದು ಹಾಕಿಸಿದರೂ ಡಿಶ್ ಕಿತ್ತು ಹಾಕಬೇಡಿ. ಒಂದು ಮಳೆಗಾಲ ನೋಡಿ, ಬೇಕಾದಾಗ ರೀಚಾರ್ಜ್ ಮಾಡಿದರಾಯಿತು.